ನೀರಿಗೆ ಬಂದವರು ಊರಿಗೆ ಬಂದಾರೆಯೇ?

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬುದು ನಮ್ಮ ಹಿರಿಯರ ಗಾದೆ. ಕೆರೆಯ ದಾರಿಯಲ್ಲಿ ಅಂಗಡಿ ಹಾಕಿದ ವ್ಯಾಪಾರಸ್ಥನಿಗೆ ಈ ಗಾದೆ ಧೈರ್ಯ ಕೊಡುತ್ತದೆ. ಆದರೆ ಸಮುದ್ರದ ಮೇಲೆ ವಿಹಾರ ನೌಕೆಯಲ್ಲಿ ಬರುವ ಗಿರಾಕಿಯ ವಿಷಯದಲ್ಲಿ ಗಾದೆಯನ್ನು ತಿರುವಿ ಹಾಕಬೇಕಾಗುತ್ತದೆ. ಆತ ಮೊದಲು ಬರುವುದು ನೀರಿಗೆ. ಅಲ್ಲಿಂದ ಊರಿಗೆ ಎಷ್ಟು ದೂರ ಬಂದಾನು, ಎಷ್ಟು ಹೊತ್ತು ನಿಂತಾನು, ಏನು ಕೊಂಡಾನು ಎಂಬ ಲೆಕ್ಕ ಬೇರೆಯೇ ಇದೆ. ಆ ಲೆಕ್ಕವನ್ನು ತಿಳಿಯದೆ ನಾನು ಒಮ್ಮೆ ಲುಕ್ಸಾನು ಮಾಡಿಕೊಂಡೆ. ನನ್ನನ್ನು ನಂಬಿದವರಿಗೂ ಲುಕ್ಸಾನು ಮಾಡಿದೆ. ಅದೇ ಲೆಕ್ಕವನ್ನು ಕಳೆದ ವರ್ಷ ಗಿರಾಕಿಯ ಜಾಗದಲ್ಲಿ ಕುಳಿತು ಕಲಿತುಕೊಂಡೆ. ಅದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಹುಟ್ಟಿದ್ದು ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ. ಭತ್ತ, ಗೋವಿನಜೋಳ, ಹತ್ತಿಯ ಸೀಮೆ. ಮೂರು ದಶಕಗಳಿಂದ ಹುಬ್ಬಳ್ಳಿಯಲ್ಲಿ ಮರದ ಸಾಮಾನಿನ ಚಿಕ್ಕದೊಂದು ಕಾರ್ಖಾನೆ ನಡೆಸುತ್ತಿದ್ದೇನೆ. ಹಬ್ಬ ಹುಣ್ಣಿಮೆಗೆ ಊರಿಗೆ ಹೋಗಿ ಬರುವುದನ್ನು ಬಿಟ್ಟರೆ ನಾವು ದಂಪತಿಗಳು ದೂರದ ಪ್ರವಾಸ ಮಾಡಿದವರಲ್ಲ. ಮಕ್ಕಳ ಒತ್ತಾಯಕ್ಕೆ 2025ರ ಜನವರಿಯಲ್ಲಿ, ಸಂಕ್ರಾಂತಿ ಮುಗಿಸಿಕೊಂಡು, ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಗಳ ನೌಕಾಯಾನಕ್ಕೆ ಹೊರಟೆವು. ಒಂದು ದಿನ ಮಲೇಷ್ಯಾದ ಪೆನಾಂಗ್, ಮರುದಿನ ಥಾಯ್ಲೆಂಡಿನ ಫುಕೆಟ್, ಮತ್ತೊಂದು ದಿನ ಬರಿಯ ಸಮುದ್ರ, ಅನಂತರ ಮರಳಿ ಸಿಂಗಪುರ. 2023ರ ನವೆಂಬರಿನಲ್ಲಿ ಥಾಯ್ಲೆಂಡ್, ಡಿಸೆಂಬರಿನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶವನ್ನು ಜಾರಿಗೆ ತಂದ ಮೇಲೆ ಇಂಥ ಯಾನ ನಮ್ಮಂಥವರಿಗೂ ಸುಲಭವಾಯಿತು. ಹಡಗಿನಲ್ಲಿ ಗುಜರಾತಿ, ಮರಾಠಿ, ತಮಿಳು ಮಾತುಗಳ ನಡುವೆ ನಾಲ್ಕಾರು ಕಡೆ ಕನ್ನಡವೂ ಕಿವಿಗೆ ಬಿತ್ತು.

ಹಡಗಿನ ವೈಭವವನ್ನು ಇಲ್ಲಿ ವರ್ಣಿಸುವುದಿಲ್ಲ. ವ್ಯಾಪಾರಸ್ಥನ ಕಣ್ಣಿಗೆ ಕಂಡದ್ದು ಒಂದೇ ಸಂಗತಿ. ಅದು ತೇಲುವ ಪೇಟೆ. ಊಟ, ವಸತಿ, ಮನರಂಜನೆಗಳ ಹಣ ಮೊದಲೇ ಸಂದಾಯವಾಗಿರುತ್ತದೆ. ಮೇಲಿನ ಖರ್ಚಿಗೂ ಹಡಗಿನಲ್ಲೇ ಅಂಗಡಿಗಳಿರುತ್ತವೆ. ಪ್ರಯಾಣಿಕನ ಜೇಬು ದಡದ ಜನರಿಗೆ ತೆರೆಯುವುದು ಹಡಗು ಬಂದರಿನಲ್ಲಿ ನಿಂತ ಎಂಟು-ಹತ್ತು ತಾಸು ಮಾತ್ರ. ಆ ಎಂಟು-ಹತ್ತು ತಾಸುಗಳಿಗೂ ಹಡಗಿನ ಕಂಪನಿಯೇ ತೀರ ಪ್ರವಾಸಗಳನ್ನು ಏರ್ಪಡಿಸಿ ಮಾರುತ್ತದೆ. ಅದಕ್ಕಾಗಿ ಪ್ರತ್ಯೇಕ ಕಚೇರಿ, ಪ್ರತ್ಯೇಕ ಸಿಬ್ಬಂದಿ.

ಪೆನಾಂಗ್: ಜಾಜಿಕಾಯಿಯ ಪಾಠ

ಪೆನಾಂಗಿನಲ್ಲಿ ನಾವು ಹಡಗಿನವರ ಪ್ರವಾಸವನ್ನೇ ಕೊಂಡೆವು. ಹೊರಗಿನ ದರಕ್ಕಿಂತ ಅದು ಬಹಳ ಹೆಚ್ಚು ಎಂಬುದು ಗೊತ್ತಿತ್ತು. ಆದರೂ ಏಕೆ ಕೊಂಡೆವು? ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಸವಾರಿಯಲ್ಲಿ ಹೋದವರು ತಡವಾದರೆ ಹಡಗು ಹೊರಟು ಹೋಗುತ್ತದೆ. ಆ ಹೆಚ್ಚಿನ ದರ ನೋಟಕ್ಕಾಗಿ ಅಲ್ಲ, ನಿಶ್ಚಿಂತೆಗಾಗಿ. ಪರಸ್ಥಳದ ಗಿರಾಕಿ ಎಲ್ಲಕ್ಕಿಂತ ಮೊದಲು ಕೊಳ್ಳುವ ಸರಕು ನಿಶ್ಚಿಂತೆ ಎಂಬುದು ಅಂದು ಮನಸ್ಸಿಗೆ ಹೊಳೆಯಿತು.

ಅಂಗಿಗೆ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಮಕ್ಕಳ ಹಾಗೆ ಸಾಲಾಗಿ ಬಸ್ಸು ಹತ್ತಿದೆವು. ಪೆನಾಂಗಿನ ರಾಜಧಾನಿ ಜಾರ್ಜ್ ಟೌನ್ ಹಳೆಯ ವ್ಯಾಪಾರದ ಪಟ್ಟಣ. 1786ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗಾಗಿ ಫ್ರಾನ್ಸಿಸ್ ಲೈಟ್ ಎಂಬಾತ ಅಲ್ಲಿ ನೆಲೆ ಹೂಡಿದ. 2008ರಲ್ಲಿ ಅದು ಮಲಕ್ಕಾ ಪಟ್ಟಣದ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಡಗುಕಟ್ಟೆ ಊರಿನ ಎದೆಯಲ್ಲೇ ಇದೆ. ಕಟ್ಟೆಯಿಂದ ಇಳಿದು ನಡೆದರೆ ಕೋಟೆ, ಮಸೀದಿ, ಚೀನೀ ದೇವಾಲಯ, ತಮಿಳರ ಬೀದಿ, 1833ರಷ್ಟು ಹಳೆಯ ಮಾರಿಯಮ್ಮನ ಗುಡಿ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿಕೊಂಡ ಚೀನೀ ಮನೆತನಗಳ ಕೇರಿಗಳಿವೆ. ಅಲ್ಲಿಯ ಜನ ಮನೆಯ ಪಡಸಾಲೆಯಲ್ಲೇ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾರೆ.

ಕೊನೆಗೆ ಬಸ್ಸು ನಿಂತದ್ದು ಜಾಜಿಕಾಯಿಯ ಅಂಗಡಿಯ ಮುಂದೆ. ಜಾಜಿಕಾಯಿ ಅಲ್ಲಿಗೆ ಬ್ರಿಟಿಷರ ಕಾಲದಲ್ಲಿ ಬಂದ ಬೆಳೆ. ಈಗ ಅದು ಆ ಊರಿನ ಗುರುತು. ಕಾಯಿಯನ್ನಷ್ಟೇ ಅವರು ಮಾರುವುದಿಲ್ಲ. ಮೇಲಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ಒಣಗಿಸಿ ಮಾರುತ್ತಾರೆ. ಅದರ ರಸವನ್ನು ಪಾನಕ ಮಾಡುತ್ತಾರೆ. ಎಣ್ಣೆ ತೆಗೆದು ನೋವಿನ ಮುಲಾಮು ಮಾಡುತ್ತಾರೆ. ಅಂಗಡಿಯ ಹುಡುಗಿ ಹಸಿ ಕಾಯಿಯೊಂದನ್ನು ಕೊಯ್ದು, ಒಳಗಿನ ಕೆಂಪು ಪತ್ರೆಯನ್ನು ತೋರಿಸಿ, ನನ್ನ ಹೆಂಡತಿಯ ಮಣಿಕಟ್ಟಿಗೆ ಮುಲಾಮು ಸವರಿದಳು. ಎರಡು ಡಬ್ಬಿಗಳನ್ನು ಆಕೆ ಆಗಲೇ ಕೊಂಡಾಗಿತ್ತು. ಬೆಲೆ ಡಬ್ಬಿಯ ಮೇಲೆ ಅಚ್ಚಾಗಿತ್ತು. ಚೌಕಾಸಿಗೆ ಎಡೆಯಿರಲಿಲ್ಲ, ಹೊತ್ತೂ ಇರಲಿಲ್ಲ. ಬಸ್ಸಿಗೆ ಮರಳಿದವರಲ್ಲಿ ಮುಕ್ಕಾಲು ಪಾಲು ಜನರ ಕೈಯಲ್ಲಿ ಆ ಅಂಗಡಿಯ ಚೀಲವಿತ್ತು.

"ಇದು ನಮ್ಮ ಶಿರಸಿ ಕಡೆಯ ಜಾಜಿಕಾಯಿಯೇ ಅಲ್ಲವೇ?" ಎಂದು ಆಕೆ ಕೇಳಿದಳು. ಹೌದು, ಅದೇ. ನಮ್ಮ ಮಲೆನಾಡಿನ ತೋಟಗಳಲ್ಲೂ ಬೆಳೆಯುತ್ತದೆ. ಕೆಲವರು ಸಿಪ್ಪೆಯಿಂದ ಉಪ್ಪಿನಕಾಯಿ, ಜಾಮ್ ಮಾಡುತ್ತಾರೆ ಎಂಬುದು ನಿಜವಾದರೂ ಬಹುಪಾಲು ಸಿಪ್ಪೆ ಮರದ ಬುಡದಲ್ಲೇ ಕೊಳೆಯುತ್ತದೆ. ನಾವು ಎಸೆಯುವುದನ್ನು ಅವರು ಕಾಗದದಲ್ಲಿ ಸುತ್ತಿ, ಊರಿನ ಹೆಸರು ಬರೆದು, ನಮಗೇ ಮಾರಿದರು.

ಸ್ವಲ್ಪ ಹೊತ್ತು ಬಿಟ್ಟು ಆಕೆ ಮತ್ತೊಂದು ಮಾತು ಕೇಳಿದಳು. "ಅಂದು ನಿಮ್ಮ ತೊಟ್ಟಿಲನ್ನು ಯಾರು ಹೊತ್ತುಕೊಂಡು ಹೋಗಬೇಕಿತ್ತು?" ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಫುಕೆಟ್: ಹಡಗಿನ ಗಡಿಯಾರ

ಮರುದಿನ ಫುಕೆಟಿನಲ್ಲಿ ಹಡಗು ದಡಕ್ಕೆ ತಾಗಲಿಲ್ಲ. ಆಳದ ನೀರಿನಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಚಿಕ್ಕ ದೋಣಿಗಳಲ್ಲಿ ಪಾಟಾಂಗ್ ಕಡಲತೀರಕ್ಕೆ ಇಳಿಸಿದರು. ಅಂದು ನಾವು ಧೈರ್ಯ ಮಾಡಿ ಸ್ವಂತ ಟ್ಯಾಕ್ಸಿ ಗೊತ್ತು ಮಾಡಿಕೊಂಡೆವು. ಚಾಲಕ ಮಧ್ಯವಯಸ್ಸಿನವ, ಹರುಕು ಇಂಗ್ಲಿಷ್. ದೇವಾಲಯ ತೋರಿಸಿದ, ಗುಡ್ಡದ ಮೇಲಿನಿಂದ ಸಮುದ್ರ ತೋರಿಸಿದ, ಅನಂತರ ಗೋಡಂಬಿಯ ಕಾರ್ಖಾನೆಗೆ ಕರೆದೊಯ್ದ. "ಇಲ್ಲಿ ನೀವು ಕೊಂಡರೂ ಬಿಟ್ಟರೂ ನನಗೆ ಎಣ್ಣೆಯ ಕೂಪನ್ ಸಿಗುತ್ತದೆ. ಹತ್ತು ನಿಮಿಷ ನೋಡಿ ಬನ್ನಿ" ಎಂದು ಬಾಯಿ ಬಿಟ್ಟು ಹೇಳಿದ. ದಲಾಲಿ ಎಲ್ಲ ಊರಿನಲ್ಲೂ ಇದೆ. ಆದರೆ ದಲಾಲಿಯನ್ನು ಬಚ್ಚಿಡದವನ ಮೇಲೆ ಗಿರಾಕಿಗೆ ಸಿಟ್ಟು ಬರುವುದಿಲ್ಲ.

ಹಳೆಯ ಫುಕೆಟ್ ಪೇಟೆಯ ಬಣ್ಣದ ಮನೆಗಳನ್ನು ನೋಡುತ್ತಾ ನಿಂತಿದ್ದಾಗ ನನ್ನ ಮೊಬೈಲಿನಲ್ಲಿ ಮೂರು ಗಂಟೆ. ಕೊನೆಯ ದೋಣಿ ಐದಕ್ಕೆ. ಎರಡು ತಾಸು ಇದೆಯೆಂದು ನೆಮ್ಮದಿಯಾಗಿದ್ದೆವು. ಚಾಲಕ ಹತ್ತಿರ ಬಂದು ಕೇಳಿದ: "ಐದು ಎಂದರೆ ಊರಿನ ಐದೋ, ಹಡಗಿನ ಐದೋ?" ಎದೆ ಧಸಕ್ಕೆಂದಿತು. ಸಿಂಗಪುರ, ಮಲೇಷ್ಯಾಗಳ ಗಡಿಯಾರಕ್ಕಿಂತ ಥಾಯ್ಲೆಂಡಿನ ಗಡಿಯಾರ ಒಂದು ತಾಸು ಹಿಂದೆ. ನಮ್ಮ ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿತ್ತು. ಮೊಬೈಲು ಮಾತ್ರ ತಾನಾಗಿಯೇ ಊರಿನ ಸಮಯಕ್ಕೆ ಬದಲಾಗಿತ್ತು. ಹಡಗಿನಲ್ಲಿ ಆಗಲೇ ನಾಲ್ಕು ಗಂಟೆ. ನಮಗಿದ್ದದ್ದು ಒಂದೇ ತಾಸು, ಪಾಟಾಂಗಿಗೆ ನಲವತ್ತು ನಿಮಿಷದ ದಾರಿ.

ತಪ್ಪು ನಮ್ಮದೇ. ಹಡಗಿನ ಸಮಯವನ್ನೇ ನೋಡಿಕೊಳ್ಳಿರೆಂದು ಹಿಂದಿನ ರಾತ್ರಿ ಕೋಣೆಗೆ ಬಂದ ಕಾಗದದಲ್ಲಿ ಬರೆದಿತ್ತು. ಚಾಲಕ ಇನ್ನೊಂದು ಅಂಗಡಿಗೆ ನಮ್ಮನ್ನು ಒಯ್ಯಬೇಕಿತ್ತು. ಅದರ ಕೂಪನ್ ಬಿಟ್ಟುಕೊಟ್ಟು ನೇರವಾಗಿ ದಡಕ್ಕೆ ತಂದು ಬಿಟ್ಟ. ದೋಣಿಗೆ ಹತ್ತು ನಿಮಿಷ ಉಳಿದಿತ್ತು. ಆತನ ಚೀಟಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ. ಅನಂತರ ಅತ್ತ ಹೋಗುವ ಮೂರು ಮನೆತನಗಳಿಗೆ ಕೊಟ್ಟಿದ್ದೇನೆ. ತನ್ನ ಗಡಿಯಾರವನ್ನು ಬಿಟ್ಟು ಗಿರಾಕಿಯ ಗಡಿಯಾರವನ್ನು ನೋಡುವವನೇ ವ್ಯಾಪಾರಸ್ಥ. ಈ ಮಾತನ್ನು ನಾನು ಅಂದು ಅರಿತೆ; ಆರು ವರ್ಷ ಮೊದಲೇ ಅರಿತಿದ್ದರೆ ಲೇಸಾಗುತ್ತಿತ್ತು.

ಮಾರಾಟವಾಗದ ತೊಟ್ಟಿಲುಗಳು

ಕಲಘಟಗಿಯ ತೊಟ್ಟಿಲಿನ ಬಗ್ಗೆ ಓದುಗರಿಗೆ ಹೇಳಬೇಕಾದ್ದಿಲ್ಲ. ಸಾಗವಾನಿಯ ಕಟ್ಟು, ಅರಗಿನ ಬಣ್ಣ, ನಾಲ್ಕೂ ಬದಿಗೆ ರಾಮಾಯಣದ, ಕೃಷ್ಣನ ಬಾಲಲೀಲೆಯ ಚಿತ್ರಗಳು. ಒಂದು ತೊಟ್ಟಿಲು ಸಿದ್ಧವಾಗಲು ವಾರಗಟ್ಟಲೆ ಕೆಲಸ. ಅಜ್ಜ ಮಲಗಿದ ತೊಟ್ಟಿಲಿನಲ್ಲಿ ಮೊಮ್ಮಗ ಮಲಗಿದ ಮನೆಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ. ಚಲನಚಿತ್ರ ನಟ ಅಂಬರೀಷ್ ಅವರು ತಮ್ಮ ನಿಧನಕ್ಕೆ ಮೊದಲು ಯಶ್ ದಂಪತಿಗಳ ಮಗುವಿಗಾಗಿ ಹೇಳಿ ಮಾಡಿಸಿದ್ದ ತೊಟ್ಟಿಲು 2019ರಲ್ಲಿ ಸುದ್ದಿಯಾದಾಗ ನಾಡಿಗೆಲ್ಲ ಕಲಘಟಗಿಯ ಹೆಸರು ಮತ್ತೊಮ್ಮೆ ಕೇಳಿಸಿತು.

ಆ ಚಳಿಗಾಲದಲ್ಲಿಯೇ ನನಗೊಂದು ಆಸೆ ಹುಟ್ಟಿತು. ಪಶ್ಚಿಮ ಕರಾವಳಿಯ ಬಂದರೊಂದಕ್ಕೆ ವಿದೇಶದ ವಿಹಾರ ನೌಕೆಗಳು ಬರುವ ದಿನಗಳಲ್ಲಿ ಹತ್ತಿರದಲ್ಲೇ ಕರಕುಶಲ ಮಾರಾಟ ನಡೆಯುತ್ತದೆಂದು ಪರಿಚಯದವರೊಬ್ಬರು ತಿಳಿಸಿದರು. ನಮ್ಮ ಭಾಗದ ಕುಶಲಕರ್ಮಿಗಳನ್ನು ಒಪ್ಪಿಸಿ, ಮುಂಗಡದ ಸ್ವಲ್ಪ ಭಾಗ ನಾನು ಕೊಟ್ಟು, ಆರು ತೊಟ್ಟಿಲುಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದೆ. ಬಂದವರು ಬೆರಳಿನಿಂದ ಸವರಿದರು, ಹೊಗಳಿದರು, ಫೋಟೊ ತೆಗೆದುಕೊಂಡರು, ಬಸ್ಸು ಹತ್ತಿದರು. ಎರಡು ಹಡಗು ಬಂದು ಹೋದವು. ಒಂದು ತೊಟ್ಟಿಲೂ ಹೋಗಲಿಲ್ಲ. ಮರಳಿ ತರುವಾಗ ಎರಡರ ಬಣ್ಣ ತರಚಿತು. ಬಾಡಿಗೆ, ಊಟ, ದುರಸ್ತಿ ಎಲ್ಲ ಕೈಯಿಂದ ಹೋಯಿತು. ಅದಕ್ಕಿಂತ ದೊಡ್ಡ ಲುಕ್ಸಾನೆಂದರೆ, ಹಿರಿಯ ಕುಶಲಕರ್ಮಿಯೊಬ್ಬರ ಮಗ ಆ ವರ್ಷವೇ ಕೆಲಸ ಬಿಟ್ಟು ಹುಬ್ಬಳ್ಳಿಯಲ್ಲಿ ವಾಹನ ಓಡಿಸಲು ಹೋದ. ನನ್ನ ಲಾರಿಯೊಂದೇ ಕಾರಣವೆಂದು ಹೇಳಲಾರೆ. ಕಾರಣವಲ್ಲವೆಂದೂ ಹೇಳಲಾರೆ.

"ಪರದೇಶದವರಿಗೆ ನಮ್ಮ ಸಾಮಾನಿನ ಬೆಲೆ ತಿಳಿಯದು" ಎಂದು ಆಗ ನಾನು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದೆ. ಪೆನಾಂಗಿನಲ್ಲಿ ಹೆಂಡತಿ ಕೇಳಿದ ಒಂದು ಪ್ರಶ್ನೆ ಆ ಮಾತನ್ನು ಸುಳ್ಳು ಮಾಡಿತು. ಅವರಿಗೆ ಬೆಲೆ ತಿಳಿದಿತ್ತು. ನನಗೆ ಅವರ ಚೀಲದ ಅಳತೆ ತಿಳಿದಿರಲಿಲ್ಲ. ವಿಮಾನದಲ್ಲಿ ಬಂದು, ಹಡಗು ಹತ್ತಿ, ಮತ್ತೆ ವಿಮಾನದಲ್ಲಿ ಹೋಗುವ ಮನುಷ್ಯನಿಗೆ ನಾನು ತೊಟ್ಟಿಲು ಮಾರಲು ನಿಂತಿದ್ದೆ!

ಬೆಳೆದವರು ನಾವು, ಹೆಸರು ಕುಮಟೆಯದು

ಸಮುದ್ರ ನಮಗೆ ಹೊಸದೇನೂ ಅಲ್ಲ. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಅಂಕೋಲೆಯ ತೆಂಕಣಕ್ಕೆ ಅರಬ್ಬಿ ಸಮುದ್ರ ಸೇರುತ್ತಾಳೆ. ನಮ್ಮ ಹೊಲದ ಹತ್ತಿಯೂ ಅದೇ ದಿಕ್ಕಿಗೆ ಹರಿದದ್ದುಂಟು. 1840ರ ದಶಕದಲ್ಲಿ ಅಮೆರಿಕೆಯ ಬೀಜ ತಂದು ಧಾರವಾಡ ಸೀಮೆಯಲ್ಲಿ ಬೆಳೆಸಿದರು. 1861ರಿಂದ 1865ರವರೆಗೆ ಅಮೆರಿಕೆಯ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಮತ್ತು ಧಾರವಾಡ ಹತ್ತಿಯ ಲೆಕ್ಕವಿತ್ತು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಕಡಲಿಗೆ ಇಳಿಯುವ ದಾರಿ ಇಂದು ರಾಷ್ಟ್ರೀಯ ಹೆದ್ದಾರಿ 52. 1880ರ ದಶಕದ ಕೊನೆಗೆ ಮುರಗಾಂವ ಬಂದರಿಗೆ ರೈಲು ಬಂದ ಮೇಲೆ ಗಾಡಿಗಳ ಸಾಲು ಕರಗಿತು.

ಈ ಚರಿತ್ರೆಯಲ್ಲಿ ನಮಗೊಂದು ಮುಳ್ಳಿದೆ. ಧಾರವಾಡ ಸೀಮೆಯ ನಾಡ ಹತ್ತಿ ಜಗತ್ತಿನ ಪೇಟೆಯಲ್ಲಿ ಮಾರಾಟವಾದದ್ದು "ಕುಮಟಾ" ಎಂಬ ಹೆಸರಿನಲ್ಲಿ. ಉತ್ತವರು, ಬಿತ್ತವರು ಇಲ್ಲಿಯವರು. ಹೆಸರು ಹಡಗು ಹತ್ತಿಸಿದ ಊರಿನದು. ದಡದಲ್ಲಿ ನಿಂತವನಿಗೆ ಹೆಸರು, ಒಳನಾಡಿನವನಿಗೆ ದುಡಿಮೆ. ನೂರೈವತ್ತು ವರ್ಷಗಳ ಹಿಂದಿನ ಈ ನಿಯಮ ಇಂದಿಗೂ ಬದಲಾಗಿಲ್ಲ.

ನಮ್ಮ ತೀರದ ಹಡಗುಗಳು

ನಮ್ಮ ರಾಜ್ಯದಲ್ಲಿ ವಿಹಾರ ನೌಕೆಗಳು ತಂಗುವ ಮುಖ್ಯ ಸ್ಥಳ ಪಣಂಬೂರಿನ ನವಮಂಗಳೂರು ಬಂದರು. 1975ರಲ್ಲಿ ಉದ್ಘಾಟನೆಗೊಂಡ ಬಂದರು ಅದು. ಹಡಗಿನಿಂದ ಇಳಿದವರನ್ನು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ ಮತ್ತು ಕುದ್ರೋಳಿಯ ದೇವಾಲಯಗಳು, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪೇಟೆ ಮೊದಲಾದ ಕಡೆಗಳಿಗೆ ಒಯ್ಯುತ್ತಾರೆ. ಉತ್ತರಕ್ಕೆ ಗೋವೆಯ ಮುರಗಾಂವ. ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆಗೆ ಮುಗಿಯುವ ಹಂಗಾಮು. 2021ರಿಂದ ಕಾರ್ಡೀಲಿಯಾ ಸಂಸ್ಥೆಯ ಹಡಗು ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ ಯಾನ ನಡೆಸಿ ನಮ್ಮ ದೇಶದವರಿಗೂ ಈ ರೂಢಿ ಹಚ್ಚಿತು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಕ್ರೂಸ್ ಭಾರತ್ ಮಿಷನ್ ಎಂಬ ಕಾರ್ಯಕ್ರಮವನ್ನು ಆರಂಭಿಸಿ, 2029ರ ಹೊತ್ತಿಗೆ ನೌಕಾ ವಿಹಾರಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡಿದೆ.

ಹಾಗಾದರೆ ಅವರು ಬಮ್ಮಿಗಟ್ಟಿಗೆ ಬಂದಾರೆಯೇ? ಬರುವುದಿಲ್ಲ. ಮುರಗಾಂವದಿಂದ ನಮ್ಮ ಜಿಲ್ಲೆಗೆ ಘಟ್ಟ ಹತ್ತಿ ಬಂದು ಮರಳಿ ಹೋಗುವುದರೊಳಗೆ ಹಡಗು ಹೊರಟಿರುತ್ತದೆ. ಪಣಂಬೂರು ಮುನ್ನೂರು ಕಿಲೋಮೀಟರಿಗೂ ದೂರ. ಹಡಗಿನ ಗಡಿಯಾರದಲ್ಲಿ ನಮ್ಮ ಊರಿಗೆ ಸ್ಥಳವಿಲ್ಲ. "ಕಲಘಟಗಿಯನ್ನು ಪ್ರವಾಸೀ ಕೇಂದ್ರ ಮಾಡಿರಿ" ಎಂಬ ಮನವಿ ಪತ್ರಗಳಿಂದ ಈ ಗಿರಾಕಿ ಬರುವುದಿಲ್ಲ. ನಮ್ಮ ಸರಕು ಹೋಗಬೇಕು. ಅದರ ಮೇಲೆ ನಮ್ಮ ಊರಿನ ಹೆಸರು ಇರಬೇಕು.

ಎದುರು ವಾದಗಳು

ಹಡಗಿನವರ ವ್ಯಾಪಾರ ನೆಚ್ಚಿಕೊಳ್ಳುವಂಥದ್ದಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2020ರ ಮಾರ್ಚಿನಲ್ಲಿ ಕೋವಿಡ್ ಭೀತಿಯಿಂದ ವಿದೇಶೀ ವಿಹಾರ ನೌಕೆಯೊಂದನ್ನು ನವಮಂಗಳೂರಿಗೆ ಬರಗೊಡಲಿಲ್ಲ. ಅಂಥ ಹಡಗುಗಳು ಮತ್ತೆ ಅಲ್ಲಿಗೆ ಬಂದದ್ದು 2022ರ ನವೆಂಬರಿನಲ್ಲಿ. ಕೆಂಪು ಸಮುದ್ರದ ಅಶಾಂತಿಯಿಂದ 2024ರಲ್ಲಿ ಹಲವು ಕಂಪನಿಗಳು ಆ ಮಾರ್ಗದ ಯಾನಗಳನ್ನು ಕೈಬಿಟ್ಟವು. ಹಡಗಿನ ಗದ್ದಲ ಅತಿಯಾಗಿ 2021ರಲ್ಲಿ ವೆನಿಸ್ ನಗರದ ಮುಖ್ಯ ಕಾಲುವೆಗಳಿಂದ ದೊಡ್ಡ ಹಡಗುಗಳನ್ನು ಹೊರಗಿಟ್ಟದ್ದೂ ಉಂಟು. ಪ್ರಯಾಣಿಕ ಊಟಕ್ಕೆ ಹಡಗಿಗೇ ಮರಳುತ್ತಾನೆ. ಪ್ರವಾಸದ ಹಣದಲ್ಲಿ ಕಂಪನಿಗೆ, ದಲಾಲನಿಗೆ ಪಾಲು ಹೋದ ಮೇಲೆ ದಡಕ್ಕೆ ಉಳಿಯುವುದು ಕಡಿಮೆ.

ಇವೆಲ್ಲ ನಿಜ. ಅದಕ್ಕಾಗಿಯೇ ಯಾರೂ ಸಾಲ ಮಾಡಿ ಹಡಗಿನವರಿಗೆಂದೇ ಕಾರ್ಖಾನೆ ಹಾಕಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಹಡಗಿನ ಗಿರಾಕಿ ಕೊಳ್ಳುವ ಸಾಮಾನು ಎಂಥದ್ದು? ಹಗುರ, ಚಿಕ್ಕದು, ಒಡೆಯದ್ದು, ಬೆಲೆ ನಿಗದಿಯಾದದ್ದು. ಇಂಥ ಸಾಮಾನು ವಿಮಾನ ನಿಲ್ದಾಣದಲ್ಲೂ ಹೋಗುತ್ತದೆ, ರೈಲು ನಿಲ್ದಾಣದಲ್ಲೂ ಹೋಗುತ್ತದೆ, ಬೆಂಗಳೂರಿನ ಮದುವೆಗೆ ಉಡುಗೊರೆಯಾಗಿಯೂ ಹೋಗುತ್ತದೆ. ಹಡಗು ಬಾರದಿದ್ದರೂ ಮಾಡಿದ್ದು ವ್ಯರ್ಥವಾಗದು. ತೀರದ ಮೂರು ತಾಸಿನ ಗಿರಾಕಿಯನ್ನು ಪರೀಕ್ಷಕನೆಂದು ತಿಳಿಯಬೇಕು, ಅನ್ನದಾತನೆಂದಲ್ಲ.

ಮಾಡಬೇಕಾದದ್ದೇನು?

ಮೊದಲನೆಯದು, ಅಳತೆ. ಕೈಚೀಲದಲ್ಲಿ ಹಿಡಿಯುವಂತಿರಬೇಕು. ತೊಟ್ಟಿಲಿನ ಒಂದು ಬದಿಯ ಚಿತ್ರಪಟ್ಟಿಕೆಯನ್ನೇ ಗೇಣುದ್ದದ ಹಲಗೆಯ ಮೇಲೆ ಬರೆದು ಗೋಡೆಗೆ ತೂಗುಹಾಕುವಂತೆ ಮಾಡಬಹುದು. ನವಲಗುಂದದ ಜಮಖಾನೆ ದೊಡ್ಡದಾಯಿತೆಂದರೆ ಅದೇ ನವಿಲಿನ ವಿನ್ಯಾಸದ ಮೇಜು ಹಾಸು ನೇಯಬಹುದು. ಕಸೂತಿಯನ್ನು ಸೀರೆಯಲ್ಲಷ್ಟೇ ಅಲ್ಲದೆ ಕನ್ನಡಕದ ಚೀಲದ ಮೇಲೂ ಹಾಕಬಹುದು. ಧಾರವಾಡ ಪೇಢೆಯ ವಿಷಯ ಬೇರೆ. ಅದು ಬಹುದಿನ ತಾಳದು, ಬಿಚ್ಚಿದ ತಿಂಡಿಯನ್ನು ಹಡಗಿನೊಳಗೆ ಬಿಡುವುದೂ ಕಷ್ಟ. ಅದನ್ನು ದಡದಲ್ಲೇ ತಿನ್ನಿಸಬೇಕು, ಇಲ್ಲವೇ ಭದ್ರವಾಗಿ ಮುಚ್ಚಿದ ಪೊಟ್ಟಣದಲ್ಲಿ ಕೊಡಬೇಕು.

ಎರಡನೆಯದು, ಹೆಸರು. ನವಲಗುಂದದ ಜಮಖಾನೆ, ಕಸೂತಿ, ಧಾರವಾಡ ಪೇಢೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದನ್ನು ಚೌಕಟ್ಟು ಹಾಕಿಸಿ ಕಚೇರಿಯಲ್ಲಿಟ್ಟರೆ ಸಾಲದು. ಪ್ರತಿ ಪೊಟ್ಟಣದ ಮೇಲೆ ಇರಬೇಕು. ಮಾಡಿದವರು ಯಾರು, ಯಾವ ಊರು, ಎಷ್ಟು ದಿನದ ಕೆಲಸ ಎಂಬುದನ್ನು ನಾಲ್ಕು ಸಾಲಿನಲ್ಲಿ ಅಚ್ಚು ಹಾಕಿಸಿರಿ. ಕುಮಟಾ ಹತ್ತಿಯ ಕಥೆ ಮತ್ತೆ ಆಗಬಾರದು.

ಮೂರನೆಯದು, ಬೆಲೆ. ಗಿರಾಕಿಯ ಮೈಬಣ್ಣ ನೋಡಿ ಬೆಲೆ ಹೇಳುವ ಚಾಳಿಯನ್ನು ಬಿಡಬೇಕು. ಅಚ್ಚು ಹಾಕಿದ ಒಂದೇ ಬೆಲೆ. ದಲಾಲಿ ಕೊಡುವುದಾದರೆ ಅದರ ದರವೂ ಎಲ್ಲರಿಗೂ ಒಂದೇ ಇರಲಿ, ಬರವಣಿಗೆಯಲ್ಲಿ ಇರಲಿ. ಕಾರ್ಡಿನಿಂದ ಹಣ ಪಡೆಯುವ ಯಂತ್ರ, ಚಿಲ್ಲರೆ ನೋಟುಗಳು ಎರಡೂ ಇರಬೇಕು. ಕೊಳ್ಳಲು ಮನಸ್ಸಿದ್ದೂ ಚಿಲ್ಲರೆಯಿಲ್ಲದೆ ಹೋದ ಗಿರಾಕಿ ಮತ್ತೆ ಬರಲಾರ. ಆತನ ಹಡಗು ಅಂದೇ ಸಂಜೆ ಹೊರಟಿರುತ್ತದೆ.

ನಾಲ್ಕನೆಯದು, ಕೆಲಸವನ್ನು ಕಣ್ಣೆದುರು ಮಾಡಿ ತೋರಿಸುವುದು. ಜಾಜಿಕಾಯಿಯನ್ನು ಕೊಯ್ದು ತೋರಿಸಿದ್ದರಿಂದ ಮುಲಾಮು ಮಾರಾಟವಾಯಿತು. ಒಬ್ಬ ಕುಶಲಕರ್ಮಿ ಕುಳಿತು ಅರಗಿನ ಬಣ್ಣ ಹಚ್ಚುತ್ತಿದ್ದರೆ ಆತನ ಸುತ್ತಲೇ ಜನ ನಿಲ್ಲುತ್ತಾರೆ.

ಐದನೆಯದು, ಕಾಯಿದೆ. ಮರದ ಸಾಮಾನನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳು ಕೀಟದ ಭಯದಿಂದ ತಪಾಸಣೆ ಮಾಡುತ್ತವೆ. ಚೆನ್ನಾಗಿ ಒಣಗಿಸಿ ಸಂಸ್ಕರಿಸಿದ, ತೊಗಟೆಯಿಲ್ಲದ ಮರವನ್ನೇ ಬಳಸಬೇಕು. ಅದನ್ನು ಚೀಟಿಯಲ್ಲಿ ಬರೆಯಬೇಕು. ಕೊಂಡವನ ಸಾಮಾನನ್ನು ಅವನ ಊರಿನ ವಿಮಾನ ನಿಲ್ದಾಣದಲ್ಲಿ ಕಸಿದುಕೊಂಡರೆ ಕೆಡುವುದು ನಮ್ಮ ಹೆಸರು.

ಕೊನೆಯದು, ಒಗ್ಗಟ್ಟು. ಒಬ್ಬೊಬ್ಬರೇ ಲಾರಿ ಹೇರಿಕೊಂಡು ಹೋದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಯಾವ ಹಡಗು ಯಾವ ದಿನ ಬರುತ್ತದೆಂಬುದು ಬಂದರಿನವರಿಗೆ ಮುಂಚಿತವಾಗಿ ತಿಳಿದಿರುತ್ತದೆ. ನಮ್ಮ ಸಂಸ್ಥೆ ಆ ವೇಳಾಪಟ್ಟಿಯನ್ನು ಹಂಗಾಮಿನ ಮೊದಲೇ ತರಿಸಿಕೊಂಡು, ಕರಾವಳಿಯ ಸೋದರ ಸಂಸ್ಥೆಗಳ ಜೊತೆಗೆ ಮಾತಾಡಿ, ಜಿಲ್ಲೆಯ ಸರಕಿಗೆಲ್ಲ ಒಂದೇ ಮಳಿಗೆಯನ್ನು ಏರ್ಪಡಿಸಬೇಕು. ಸದಸ್ಯರು ಸರದಿಯ ಮೇಲೆ ನಿಲ್ಲಲಿ. ಒಂದು ಹಂಗಾಮು ನಡೆಸಿ ನೋಡಿ, ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಲುಕ್ಸಾನಾದರೆ ಲುಕ್ಸಾನೆಂದೇ ಬರೆಯೋಣ.

ಪ್ರವಾಸದಿಂದ ಬಂದ ಮೇಲೆ ನಾನು ಆ ಹಿರಿಯ ಕುಶಲಕರ್ಮಿಯ ಮನೆಗೆ ಹೋದೆ. ಜಾಜಿಕಾಯಿಯ ಡಬ್ಬಿಯನ್ನು ಮುಂದಿಟ್ಟು ಈ ಕಥೆಯನ್ನೆಲ್ಲ ಹೇಳಿದೆ. "ಅಂಗೈಯಗಲದ ತೊಟ್ಟಿಲು ಮಾಡಿಕೊಡಿರಿ" ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಹೇಳಿದರು: "ಮಗು ಮಲಗದ ತೊಟ್ಟಿಲನ್ನು ನಾನು ಮಾಡುವುದಿಲ್ಲ. ಬರಿದಾದ ತೊಟ್ಟಿಲು ತೂಗಬಾರದೆಂದು ನಮ್ಮಲ್ಲಿ ಹೇಳುತ್ತಾರೆ." ಇದು ವ್ಯಾಪಾರದ ಲೆಕ್ಕಕ್ಕೆ ಸಿಗುವ ಮಾತಲ್ಲ. ಆದರೆ ತಳ್ಳಿಹಾಕುವ ಮಾತೂ ಅಲ್ಲ. ಅರಗಿನ ಬಣ್ಣಕ್ಕೆ ಬೆಲೆ ಬಂದದ್ದು ಇಂಥ ಹಟದಿಂದಲೇ. ಒಂದು ಬದಿಯ ಚಿತ್ರವನ್ನು ಮಾತ್ರ ಹಲಗೆಯ ಮೇಲೆ ಬರೆದುಕೊಡಲು ಅವರು ಒಪ್ಪಿದರು. ಬೆಣ್ಣೆ ಕದಿಯುವ ಕೃಷ್ಣನ ಹನ್ನೆರಡು ಹಲಗೆಗಳು ಸಿದ್ಧವಾದವು. ಹಿಂಬದಿಗೆ ಕಲಘಟಗಿಯ ಹೆಸರನ್ನು ಅವರೇ ಬರೆದರು.

ಆ ಹನ್ನೆರಡರಲ್ಲಿ ಒಂಬತ್ತು ಹುಬ್ಬಳ್ಳಿಯಲ್ಲಿಯೇ ಹೋದವು; ಹಡಗಿನವರೆಗೆ ಹೋಗಬೇಕಾಗಲಿಲ್ಲ. ಉಳಿದ ಮೂರು ನನ್ನ ಬಳಿ ಇವೆ. ಬರುವ ಹಂಗಾಮಿನಲ್ಲಿ ಅವುಗಳನ್ನು ಕರಾವಳಿಗೆ ಒಯ್ಯುವ ವಿಚಾರವಿದೆ. ಈ ಸಲ ಲಾರಿ ಬೇಡ, ಬಸ್ಸಿನ ಕೈಚೀಲ ಸಾಕು. ನನ್ನ ಜೊತೆಗೆ ಬರಲು 2019ರಲ್ಲಿ ಕೆಲಸ ಬಿಟ್ಟು ಹೋದ ಆ ಮಗನನ್ನು ಕೇಳಿದ್ದೇನೆ. ಬರುತ್ತೇನೆಂದಿಲ್ಲ. ಯಾವ ದಿನ ಹೊರಡುವುದು ಎಂದಷ್ಟೇ ಕೇಳಿದ್ದಾನೆ.